ಗೋರಿಕಾಡಿನಲ್ಲಿ ಕಡಿಯದೆ ಬಿಟ್ಟ ಮರ

“ಬೂಟು ಬಿಚ್ಚೇ ತಾಯಿ. ಒಳಗೆ ಮಲಗಿರೋರು ನಿನ್ನ ಸರ್ಕಾರಿ ಸದ್ದಿಗೆ ಎದ್ದು ಕೂತ್ರೆ, ಮತ್ತೆ ಮಲಗಿಸೋ ಶಕ್ತಿ ಈ ರಟ್ಟೇಲಿ ಇಲ್ಲ.”

ಗೋರಿಕಾಡಿನ ಬಾಯಲ್ಲಿ ನಿಂತು ಮುದುಕ ಲುಫೆಯೊ ಹೀಗೆ ಹೇಳಿದಾಗ ಸಾರ್ಜೆಂಟ್ ಎನೆಲೆಸಿಗೆ ನಗುವೂ ಬಂತು, ಸಿಟ್ಟೂ ಬಂತು. ಹೊತ್ತು ಇಳಿಯುವಷ್ಟರಲ್ಲಿ ಊರ ಸಭೆ ಸೇರಿ ಈ ಮನುಷ್ಯನ ತಲೆಯ ಮೇಲೆ ಚಪ್ಪಡಿ ಎಳೆಯಲಿದೆ. ಇವನಿಗೆ ನೋಡಿದರೆ ತಮಾಷೆ!

“ಅಜ್ಜ, ನಿನ್ನ ಮೇಲೆ ಕೇಸಿದೆ. ನೆನಪಿದೆಯಾ?”

“ಇದೆ ಇದೆ. ಕೇಸು ನನ್ನ ಮೇಲೆ, ಬೂಟು ನಿನ್ನ ಕಾಲ್ಮೇಲೆ. ಮೊದಲು ಅದನ್ನ ಬಿಚ್ಚು.”

ಎನೆಲೆಸಿ ಕೂತು ಲೇಸು ಬಿಚ್ಚಿದಳು. ಬಿಚ್ಚದೆ ವಿಧಿಯಿಲ್ಲ. ಚಿಲೋಂಬೆ ಊರಿನಲ್ಲಿ ಹೆಣದ ಹಿಂದೆ ಹೊರತು ಗೋರಿಕಾಡಿಗೆ ಯಾರೂ ಕಾಲಿಡುವುದಿಲ್ಲ. ಇಡಲೇಬೇಕೆಂದರೆ ಗುಂಡಿ ತೋಡುವವರಲ್ಲಿ ಒಬ್ಬನಾದರೂ ಜತೆಗಿರಬೇಕು. ಗುಂಡಿ ತೋಡುವವರನ್ನು ಊರು ‘ಮೊಮ್ಮಕ್ಕಳು’ ಎಂದೇ ಕರೆಯುತ್ತದೆ, ಹಲ್ಲೆಲ್ಲ ಉದುರಿದ್ದರೂ. ಮೊಮ್ಮಕ್ಕಳು ಯಾರನ್ನು ಬೇಕಾದರೂ ಗೇಲಿ ಮಾಡಬಹುದು, ಹೆಣದ ಮುಂದೆ ಕೂತವರನ್ನೂ. ಮುನಿಸಿಕೊಂಡರೆ ನಾಳೆ ಗುಂಡಿ ತೋಡುವವರು ಯಾರು? ಲುಫೆಯೊ ಈ ಮೊಮ್ಮಕ್ಕಳಿಗೆಲ್ಲ ಹಿರಿಯ.

ಅದೇ ಲುಫೆಯೊ ಗೋರಿಕಾಡಿನ ಮರಗಳನ್ನು ಕಡಿದು, ಒಳಗೇ ಗೂಡು ಕಟ್ಟಿ ಇದ್ದಿಲು ಸುಟ್ಟ ಎಂದು ಈಗ ಊರೆಲ್ಲ ಹೇಳುತ್ತಿತ್ತು. ಹೊಗೆಯಾಡುತ್ತಿದ್ದ ಗೂಡಿನ ಮೇಲೆ ಅವನು ಗುದ್ದಲಿಯಿಂದ ಮಣ್ಣೆಳೆಯುತ್ತಿದ್ದುದನ್ನು ಪಕ್ಕದೂರಿನ ಸೈಕಲ್ಲಿನವನೊಬ್ಬ ಕಂಡು, ಪೇಟೆಯ ಠಾಣೆಗೆ ಹೋಗಿ ಹೇಳಿದ್ದ.

ಗೋರಿಕಾಡಿಗೆ ಕೈ ಹಾಕಿದವನಿಗೆ ಇಲ್ಲಿ ಜೈಲಿಗಿಂತ ದೊಡ್ಡ ಶಿಕ್ಷೆಯಿದೆ. ಸತ್ತ ಮೇಲೆ ಅವನಿಗೆ ಒಳಗೆ ಜಾಗವಿಲ್ಲ. ರಸ್ತೆ ಪಕ್ಕದ ಬಯಲಲ್ಲಿ ಎಲ್ಲೋ ಮಣ್ಣು ಮಾಡುತ್ತಾರೆ. ಲುಫೆಯೊನಿಗೋ ಬದುಕಿನಲ್ಲಿ ಉಳಿದಿದ್ದ ಆಸೆ ಒಂದೇ, ಹೆಂಡತಿ ಫಲೇಸಿಯ ಪಕ್ಕದಲ್ಲಿ ಮಲಗುವುದು. ಅವಳನ್ನು ಹೂತ ದಿನವೇ ಪಕ್ಕದಲ್ಲಿ ತನ್ನಳತೆಯ ಜಾಗ ಬಿಟ್ಟುಕೊಂಡಿದ್ದ. “ಅವಳ ಗೊರಕೆ ಕೇಳದೆ ನಂಗೆ ನಿದ್ದೆ ಬರಲ್ಲ” ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಆ ಜಾಗವನ್ನೇ ಇವತ್ತು ಸಭೆ ಕಿತ್ತುಕೊಳ್ಳಲಿತ್ತು. ಸಭೆಗೆ ಯಜಮಾನ ಬೇರೆ ಯಾರೂ ಅಲ್ಲ, ಎನೆಲೆಸಿಯ ಸ್ವಂತ ಅಣ್ಣ ಲಾಮೆಕ್. ಸೋದರಮಾವ ತೀರಿಕೊಂಡ ಮೇಲೆ ಊರ ಯಜಮಾನಿಕೆ ಅವನ ಹೆಗಲಿಗೆ ಬಂದಿತ್ತು.

ಸಂಕಟ ಅಷ್ಟಕ್ಕೇ ಮುಗಿಯಲಿಲ್ಲ. ಎನೆಲೆಸಿಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ತಾಯಿ ಹೋದಾಗ, ಅಣ್ಣ ತಂಗಿ ಇಬ್ಬರನ್ನೂ ಕರೆದುಕೊಂಡು ಹೋಗಿ ನ್ಸೀಮಾ ಮುದ್ದೆ ತಿನ್ನಿಸಿ ಬೆಳೆಸಿದವರು ಇದೇ ಲುಫೆಯೊ, ಫಲೇಸಿ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ.

“ನಡಿ ಅಜ್ಜ,” ಎಂದಳು ಎನೆಲೆಸಿ, ಬರಿಗಾಲಲ್ಲಿ ಎದ್ದು. “ನೀನು ಕಡಿದದ್ದು ಹೇಗೆ, ಸುಟ್ಟದ್ದು ಹೇಗೆ, ನಂಗೂ ತೋರಿಸು.”

“ಕಲಿತು ನೀನೂ ದಂಧೆ ಶುರು ಮಾಡ್ತೀಯಾ? ಪೊಲೀಸ್ ಸಂಬಳ ಸಾಲಲ್ವಾ?”

ಕಾಡಿನ ಮೇಲ್ಭಾಗ ಇನ್ನೂ ಹಾಗೇ ಇತ್ತು, ತಣ್ಣಗೆ, ಕತ್ತಲೆ ಕತ್ತಲೆಯಾಗಿ. ಕಾಲುದಾರಿಯ ಕಡೆಗಿನ ಕೆಳಭಾಗ ಮಾತ್ರ ಬೋಳು. ಅಲ್ಲಿಂದ ನೋಡಿದರೆ ಇಡೀ ಗುಡ್ಡ ಕಣ್ಣಿಗೆ ಬೀಳುತ್ತಿತ್ತು. ಎನೆಲೆಸಿ ಹುಡುಗಿಯಾಗಿದ್ದಾಗ ಈ ಗುಡ್ಡಕ್ಕೆ ಅಣಬೆ ಕೀಳಲು ಹೋದವರು ಕೂಗು ಹಾಕುತ್ತಲೇ ಇರಬೇಕಿತ್ತು, ಇಲ್ಲದಿದ್ದರೆ ಒಬ್ಬರಿಗೊಬ್ಬರು ಸಿಗುತ್ತಿರಲಿಲ್ಲ. ಈಗ ತುದಿಯಲ್ಲಿ ಮೇಯುವ ಆಡಿನ ಬಣ್ಣವನ್ನು ಊರಲ್ಲಿ ಕೂತೇ ಹೇಳಬಹುದು.

ಮೊದಲು ಹೋದವು ಮೊಂಬೊ ಮರಗಳು. ಅದರ ಇದ್ದಿಲಿಗೆ ಕಾವು ಜಾಸ್ತಿ, ಬಾಳಿಕೆಯೂ ಜಾಸ್ತಿ. ಆಮೇಲೆ ಒಳ್ಳೆಯದು ಕೆಟ್ಟದ್ದು ಎಂಬ ಭೇದವೇ ಹೋಯಿತು. ಕಳೆದ ಬೇಸಿಗೆಯಲ್ಲಿ ಜನ ಹಿತ್ತಲ ಮಾವಿಗೇ ಕೊಡಲಿ ಹಾಕಿದರು. ಮಳೆ ಬಂದರೆ ಗುಡ್ಡದ ಮಣ್ಣು ಹೊಳೆಗೆ, ಹೊಳೆಯ ನೀರು ಯಾರದೋ ಊರಿಗೆ. ಸೈಕಲ್ಲಿನ ಹಿಂದೆ ಮೂಟೆ ಕಟ್ಟಿಕೊಂಡು ಇದ್ದಿಲು ಮಾತ್ರ ದಿನಾ ಬ್ಲಾಂಟೈರ್ ಪೇಟೆಗೆ ಇಳಿಯುತ್ತಿತ್ತು. ಅಲ್ಲಿ ಕರೆಂಟು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇಯಿಸುವುದಂತೂ ಇದ್ದಿಲ ಮೇಲೇ. ಪೊಲೀಸ್ ವಸತಿಯಲ್ಲಿ ಎನೆಲೆಸಿಯ ಒಲೆಗೂ ಬೀಳುವುದು ಅದೇ ಇದ್ದಿಲು. ಯಾರನ್ನು ಅಂತ ಬೈಯುವುದು ಹೇಳಿ?

ಉಳಿದಿದ್ದದ್ದು ಗೋರಿಕಾಡು ಒಂದೇ. ಇಲ್ಲಿನ ಒಣ ಪುಳ್ಳೆಯನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಕಾಯ್ದೆಗೆ ಹೆದರದ ಜನ ಸತ್ತ ಅಜ್ಜಿಗೆ ಹೆದರುತ್ತಿದ್ದರು.

ಎನೆಲೆಸಿ ಕೊರಡುಗಳ ನಡುವೆ ಬಗ್ಗಿ ಬಗ್ಗಿ ನೋಡುತ್ತ ನಡೆದಳು. ಬೂದಿ ಬೆರೆತ ಮಣ್ಣಿನಲ್ಲಿ ಹೆಜ್ಜೆಗಳು ಇನ್ನೂ ಇದ್ದವು. ಎಲ್ಲಾ ಬರಿಗಾಲಿನವು. ಒಂದೇ ಒಂದು ಚಪ್ಪಲಿಯ ಗುರುತಿಲ್ಲ.

“ಕಳ್ಳತನಕ್ಕೆ ಬಂದೋನೂ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದಾನೆ ಅಜ್ಜ. ಪೇಟೆಯ ವ್ಯಾಪಾರಿ ಆಗಿದ್ರೆ ಬಿಡ್ತಿದ್ನಾ? ಇದು ಊರೋರದೇ ಕೆಲಸ.”

“ಹೂಂ ಮತ್ತೆ. ನಾನು ಯಾವೂರೋನು? ನಾನೂ ಬರಿಗಾಲಲ್ಲೇ ಬರೋದು.”

“ಸರಿ. ಹಾಗಾದ್ರೆ ಈ ಕೊರಡು ನೋಡು.” ಅವಳು ಒಂದು ಕೊರಡಿನ ಪಕ್ಕದಲ್ಲಿ ನಿಂತಳು. ಅದು ಅವಳ ಸೊಂಟಕ್ಕೆ ಬರುತ್ತಿತ್ತು. “ನಿನಗೆ ಇದು ಎದೆ ಮುಟ್ಟುತ್ತೆ. ಇಷ್ಟು ಎತ್ತರದಲ್ಲಿ ಕೊಡಲಿ ಬೀಸೋಕೆ ನೀನೇನು ಏಣಿ ಹತ್ತಿದ್ಯಾ?”

“ಕುಳ್ಳ ಅಂತ ಹಂಗಿಸ್ತೀಯಾ? ಫಲೇಸಿ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ಲು.”

“ನಮ್ಮಿಬ್ಬರಿಗೂ ಸೌದೆ ಕಡಿಯೋದು ಕಲಿಸಿದೋನು ನೀನೇ. ‘ನೆಲಕ್ಕೆ ಹತ್ತಿ ಕಡೀರೋ, ಬುಡ ಮತ್ತೆ ಚಿಗುರುತ್ತೆ, ಮೇಲೆ ಕಡಿದ್ರೆ ಕೊರಡು ಕೊಳೆಯುತ್ತೆ’ ಅಂತ ಬೆನ್ನಿಗೆ ಗುದ್ದಿ ಗುದ್ದಿ ಹೇಳ್ತಿದ್ದೆ. ಇಲ್ಲಿ ಒಂದಾದ್ರೂ ನೆಲಕ್ಕೆ ಹತ್ತಿ ಕಡಿದದ್ದು ಇದೆಯಾ? ಒಂದು ಮೊಣಕಾಲೆತ್ತರ, ಒಂದು ತೊಡೆಯೆತ್ತರ, ಒಂದು ಸೊಂಟ. ನಿನ್ನ ಕೈ ಅಲ್ಲ ಇದು.”

ಮುದುಕ ಆಕಾಶ ನೋಡಿದ. “ವಯಸ್ಸಾಯ್ತು. ಬಗ್ಗೋಕಾಗಲ್ಲ.”

“ಬಗ್ಗೋಕಾಗದೋನು ಹೋದ ವಾರ ತಾನೇ ಗುಂಡಿ ತೋಡಿದ್ಯಲ್ಲ?”

“ಅದು ಬೇರೆ. ಗುಂಡೀಲಿ ಇಳಿದ್ರೆ ಸೊಂಟ ತಾನಾಗೇ ಸಡಿಲ ಆಗುತ್ತೆ. ಒಂದ್ಸಲ ಇಳಿದು ನೋಡು ಬೇಕಾದ್ರೆ. ನಿನ್ನ ಅಳತೆ ನಂಗೊತ್ತು, ಅಗಲಾನೇ ಸ್ವಲ್ಪ ಜಾಸ್ತಿ ಮಾಡ್ಬೇಕಾಗುತ್ತೆ.”

ಎನೆಲೆಸಿ ನಗು ತಡೆಯಲು ಮುಖ ತಿರುಗಿಸಿದಳು. ಇವನ ಜತೆ ತನಿಖೆ ಮಾಡುವುದೆಂದರೆ ಜಾರುವ ಮೀನನ್ನು ಬರಿಗೈಯಲ್ಲಿ ಹಿಡಿದಂತೆ.

ಕೊರಡುಗಳ ಮಧ್ಯೆ ಇದ್ದಿಲ ಗೂಡು ಬಿದ್ದಿತ್ತು, ಉದ್ದಕ್ಕೆ ಮಲಗಿಸಿದ ಮಣ್ಣಿನ ದಿಬ್ಬ. ಒಳಗೆ ಪೇರಿಸಿದ ದಿಮ್ಮಿ, ಮೇಲೆ ಹುಲ್ಲು, ಅದರ ಮೇಲೆ ಹೆಂಟೆ. ಒಂದು ಬಾಯಲ್ಲಿ ಬೆಂಕಿಯಿಟ್ಟು, ಬದಿಯಲ್ಲಿ ಉಸಿರಾಡಲು ಕಿಂಡಿಗಳನ್ನು ಬಿಟ್ಟು, ಬಿರುಕು ಬಿಟ್ಟಲ್ಲಿ ಮಣ್ಣು ಮೆತ್ತುತ್ತ ಕಾಯಬೇಕು. ಉಸಿರು ಜಾಸ್ತಿಯಾದರೆ ಎಲ್ಲ ಬೂದಿ. ಕಡಿಮೆಯಾದರೆ ಬೆಂಕಿ ಸಾಯುತ್ತದೆ, ಮರ ಹಸಿಯಾಗೇ ಉಳಿಯುತ್ತದೆ.

ಬೆಳಿಗ್ಗೆಯೇ ಎನೆಲೆಸಿ ಗುಂಡಿ ತೋಡುವ ಇನ್ನೊಬ್ಬನನ್ನು ಕರೆತಂದು ಗೂಡಿನ ಒಂದು ಪಕ್ಕವನ್ನು ಬಗೆಸಿದ್ದಳು. ಈಗ ಅದರೊಳಗೆ ಕೈ ಹಾಕಿ ಒಂದು ದಿಮ್ಮಿಯನ್ನು ಹೊರಗೆಳೆದಳು. ಹೊರಗೆಲ್ಲ ಕಪ್ಪು. ತುದಿಯನ್ನು ಕಲ್ಲಿಗೆ ಬಡಿದಾಗ ಒಳಗಿನ ಕೆಂಪು ಮರ ಹಾಗೇ ಕಾಣಿಸಿತು.

“ಬೇಯೋ ಮೊದಲೇ ಸತ್ತ ಗೂಡು ಇದು. ಕಿಂಡಿ ಒಂದೂ ತೆರೆದಿಲ್ಲ. ಬಾಯಿಗೂ ಮಣ್ಣು. ಇದ್ದಿಲು ಬೇಕಾದೋನು ಗೂಡಿನ ಕತ್ತು ಹಿಸುಕ್ತಾನಾ ಅಜ್ಜ?”

ಲುಫೆಯೊ ಬಗ್ಗಿ, ಉರುಳಿದ್ದ ಹೆಂಟೆಯೊಂದನ್ನು ಎತ್ತಿ ಮತ್ತೆ ಗೂಡಿನ ಮೇಲಿಟ್ಟ.

“ನೀನು ಮಣ್ಣೆಳೀತಿದ್ದದ್ದು ನಿಜ. ಸೈಕಲ್ಲಿನೋನು ಸುಳ್ಳು ಹೇಳಲಿಲ್ಲ. ಗೂಡು ಸುಡೋನೂ ಮಣ್ಣೆಳೀತಾನೆ, ಗೂಡು ಆರಿಸೋನೂ ಮಣ್ಣೆಳೀತಾನೆ. ದೂರದಿಂದ ಕಂಡೋರಿಗೆ ಎರಡೂ ಒಂದೇ. ನೀನು ಬೆಂಕಿ ಆರಿಸೋಕೆ ಬಂದಿದ್ದೆ.”

“ಇರಬಹುದು.”

“ಇರಬಹುದು ಅಂದ್ರೇನು? ಇದನ್ನೇ ಸಭೇಲಿ ಹೇಳು! ನಿನ್ನ ಜಾಗ ಉಳಿಯುತ್ತೆ!”

“ಆಮೇಲೆ ‘ಹಾಗಾದ್ರೆ ಯಾರು?’ ಅಂತ ಕೇಳ್ತಾರೆ.”

“ಕೇಳ್ಲಿ. ಹೇಳು.”

“ಅದನ್ನ ಹೇಳೋಕೆ ನಂಗೆ ಬಾಯಿ ಬರಲ್ಲ ಮಗಳೇ.”

ಮೊದಲ ಸಲ ಮುದುಕನ ದನಿಯಲ್ಲಿ ಗೇಲಿಯಿರಲಿಲ್ಲ. ಎನೆಲೆಸಿ ದಿಮ್ಮಿಯನ್ನು ಕೆಳಗಿಟ್ಟಳು. ಇವನಿಗೆ ಗೊತ್ತು! ಹೆಸರು ಗೊತ್ತಿದ್ದೂ ನುಂಗಿಕೊಂಡು ಕೂತಿದ್ದಾನೆ.

ಅವಳು ಅವನ ಎದುರು ಕುಕ್ಕುರುಗಾಲಲ್ಲಿ ಕೂತಳು. “ಯಾರಿಗೋಸ್ಕರ ಅಜ್ಜ? ಫಲೇಸಿ ಅಜ್ಜಿ ಪಕ್ಕದ ಜಾಗಕ್ಕಿಂತ ದೊಡ್ಡೋರು ಯಾರು ನಿನಗೆ?”

“ಯಾರೂ ಇಲ್ಲ. ನಾನೇ ಕಡಿದೆ ಅಂದ್ನಲ್ಲ. ಬರ್ಕೋ.”

“ನೀನೇ ಕಡಿದಿದ್ರೆ ಅದನ್ನ ಯಾಕೆ ಬಿಟ್ಟೆ?”

ಅವಳು ಬೆರಳು ಮಾಡಿದ ಕಡೆ ಒಂದು ಮೊಂಬೊ ಮರ ನಿಂತಿತ್ತು. ಬೋಳಾದ ಜಾಗದ ನಟ್ಟನಡುವೆ, ಕಾಲುದಾರಿಗೆ ತೀರ ಹತ್ತಿರ, ಇಬ್ಬರು ಕೈ ಚಾಚಿದರೂ ತಬ್ಬಲಾರದಷ್ಟು ದಪ್ಪ. ಇದ್ದಿಲಿಗೆ ಇದಕ್ಕಿಂತ ಒಳ್ಳೆಯ ಮರವಿಲ್ಲ, ಹೊರಲು ಇದಕ್ಕಿಂತ ಹತ್ತಿರದ್ದಿಲ್ಲ. ಸುತ್ತಲಿನ ಸಣ್ಣಪುಟ್ಟದ್ದನ್ನೆಲ್ಲ ಕೆಡವಿದವರು ಇದರ ತೊಗಟೆಗೂ ಕೊಡಲಿ ತಾಗಿಸಿರಲಿಲ್ಲ. ಬೆಳಿಗ್ಗೆಯಿಂದ ಅವಳನ್ನು ಕೊರೆಯುತ್ತಿದ್ದದ್ದು ಇದೇ.

ಲುಫೆಯೊ ತಡವರಿಸದೆ ಹೇಳಿದ: “ಅದರ ಬುಡದಲ್ಲಿ ನನ್ನ ಫಲೇಸಿ ಇದ್ದಾಳೆ. ಅವಳ ನೆರಳು ಕಡಿಯೋಕೆ ಕೈ ಬರಲಿಲ್ಲ. ಈಗಲಾದ್ರೂ ನಂಬ್ತೀಯಾ?”

ಸರಿಯಾದ ಉತ್ತರ! ಸಭೆಯೂ ಇದನ್ನು ನಂಬುತ್ತದೆ. ಇಲ್ಲಿ ಯಾವ ದಿಬ್ಬದಡಿ ಯಾರಿದ್ದಾರೆಂದು ಮೊಮ್ಮಕ್ಕಳನ್ನು ಬಿಟ್ಟರೆ ಯಾರಿಗೂ ನೆನಪಿರುವುದಿಲ್ಲ. ಕಲ್ಲಿಲ್ಲ, ಹೆಸರಿಲ್ಲ. ಹೂತ ಮೇಲೆ ಕಾಡು ಮುಚ್ಚಿಕೊಳ್ಳುತ್ತದೆ, ಅಷ್ಟೇ. ಫಲೇಸಿಯನ್ನು ಹೂತ ದಿನ ಎನೆಲೆಸಿ ಪೇಟೆಯ ಕೆಲಸದಲ್ಲಿ ಸಿಕ್ಕಿಕೊಂಡಿದ್ದಳು. ಸತ್ತವರು ಉಣ್ಣುತ್ತಿದ್ದ ತಟ್ಟೆಯನ್ನೋ ಬೋಗುಣಿಯನ್ನೋ ತೂತು ಮಾಡಿ ತಲೆಯ ಕಡೆ ಬಿಟ್ಟುಬರುವುದು ಮಾತ್ರ ರೂಢಿ.

ಎನೆಲೆಸಿ ಎದ್ದು ಆ ಮರದ ಬುಡಕ್ಕೆ ನಡೆದಳು.

“ಏಯ್, ಅಲ್ಲಿ ಕೆದಕಬೇಡ!” ಲುಫೆಯೊ ಅವಸರವಾಗಿ ಹಿಂದೆ ಬಂದ. “ಗೋರಿ ಮುಟ್ಟೋ ಹಾಗಿಲ್ಲ. ಪೊಲೀಸಾದ್ರೇನು, ರಾಣಿಯಾದ್ರೇನು!”

“ಮುಟ್ಟಲ್ಲ ಅಜ್ಜ. ಅಜ್ಜಿಗೆ ನಮಸ್ಕಾರ ಮಾಡ್ತೀನಿ. ಬೇಡ ಅಂತೀಯಾ?”

ಎನೆಲೆಸಿ ಮಂಡಿಯೂರಿ ತರಗೆಲೆಗಳನ್ನು ಮೆಲ್ಲಗೆ ಸರಿಸಿದಳು. ಬೇರಿಗೆ ಒರಗಿಸಿಟ್ಟ ಒಂದು ಪಿಂಗಾಣಿ ಲೇಪದ ತಟ್ಟೆ. ನಡುವೆ ತೂತು, ಅಂಚಿನಲ್ಲಿ ಹಸಿರು ಪಟ್ಟಿ. ಪಟ್ಟಿಯ ಒಂದು ಕಡೆ ತಗಡಿನ ತೇಪೆ, ಅದರ ಮೇಲೆ ಮೊಳೆಯ ಎರಡು ತಲೆ.

ಅವಳ ಕೈ ಅಲ್ಲೇ ನಿಂತಿತು.

ಈ ತೇಪೆಯ ಚೂಪಿಗೆ ಎಷ್ಟು ಸಲ ಬೆರಳು ಕುಯ್ದುಕೊಂಡಿಲ್ಲ! ಸಂತೆಯಲ್ಲಿ ಹೊಸ ತಟ್ಟೆ ತರೋಣವೆಂದರೆ ಅಮ್ಮ ಬಿಟ್ಟರೆ ತಾನೇ? “ಇದಕ್ಕೇನಾಗಿದೆ? ಊಟ ಸೋರುತ್ತಾ?” ಎಂದು ತಗಡಿನವನ ಹತ್ತಿರ ತೇಪೆ ಹಾಕಿಸಿಕೊಂಡು ಬಂದಿದ್ದಳು. ಅದೇ ತಟ್ಟೆಯಲ್ಲಿ ತೊಗರಿಕಾಳಿನ ಸಾರಿಗೆ ಮುದ್ದೆ ಮುರಿದು ಹಾಕಿ, ಎನೆಲೆಸಿಗೆ ಒಂದು ತುತ್ತು, ಲಾಮೆಕ್‌ಗೆ ಒಂದು ತುತ್ತು.

“ಅಜ್ಜ, ಇದು ಫಲೇಸಿ ಅಜ್ಜಿಯದಲ್ಲ,” ಎಂದಳು. “ಇದು ನಮ್ಮಮ್ಮ.”

ಸಣ್ಣ ಮಕ್ಕಳನ್ನು ಗೋರಿಕಾಡಿಗೆ ಬಿಡುವುದಿಲ್ಲ. ಅಮ್ಮನನ್ನು ಹೊತ್ತುಕೊಂಡು ಹೋದ ದಿನ ಎನೆಲೆಸಿ, ಲಾಮೆಕ್ ಇಬ್ಬರೂ ಲುಫೆಯೊನ ಹಿತ್ತಲಲ್ಲೇ ಕೂತಿದ್ದರು. ದೊಡ್ಡವರಾದ ಮೇಲೆ ಕೇಳುವುದು ಸರಿಯಲ್ಲವೆಂದು ಇಬ್ಬರೂ ಕೇಳಿರಲಿಲ್ಲ. ಇಷ್ಟು ವರ್ಷ ಅಮ್ಮ ಇಲ್ಲೇ, ದಾರಿಯ ಪಕ್ಕದಲ್ಲೇ ಇದ್ದಳು. ಎನೆಲೆಸಿಗೆ ಅಳು ಬಂತು, ಅತ್ತಳು. ಸಮವಸ್ತ್ರದ ತೋಳಿನಲ್ಲೇ ಮೂಗು ಒರೆಸಿಕೊಂಡಳು.

ಲುಫೆಯೊ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದ. “ಅಳು ತಾಯಿ, ಅಳು. ಈ ಕೈಯಾರೆ ಇಳಿಸಿದ್ದೆ ಅವಳನ್ನ. ಹಗುರ ಇದ್ಲು.”

“ಹಾಗಾದ್ರೆ ಅಜ್ಜಿ ಎಲ್ಲಿ?”

ಮುದುಕ ಗದ್ದದಲ್ಲೇ ತೋರಿಸಿದ. ಅವಳು ಆಗಲೇ ಪಕ್ಕದಲ್ಲಿ ನಿಂತು ವಾದ ಮಾಡಿದ್ದ ಸೊಂಟದೆತ್ತರದ ಕೊರಡು. ಅದರ ಬುಡದಲ್ಲಿ ರಣಬಿಸಿಲು ಹೊಡೆಯುತ್ತಿತ್ತು.

“ಅವಳ ಮರಾನೇ ಮೊದಲು ಹೋಯ್ತು,” ಎಂದ. “ಇರ್ಲಿ ಬಿಡು. ಬದುಕಿದ್ದಾಗ ‘ಕಾಳು ಒಣಗಿಸೋಕೆ ಬಿಸಿಲೇ ಇಲ್ಲ’ ಅಂತ ದಿನಾ ಗೊಣಗ್ತಿದ್ಲು. ಈಗ ಬೇಕಾದಷ್ಟು ಬಿಸಿಲು.”

ನಗಿಸಲು ಹೇಳಿದ ಮಾತು. ಹೇಳಿದವನ ಕಣ್ಣೇ ತುಂಬಿತು.

ಎನೆಲೆಸಿಯ ಅಳು ನಿಂತಿತು. ಅವಳೊಳಗಿನ ಪೊಲೀಸು ಎದ್ದು ಕೂತಳು. ಕಡಿದವನು ಫಲೇಸಿಯ ನೆರಳನ್ನು ಕಡಿದ, ಅಮ್ಮನ ನೆರಳನ್ನು ಬಿಟ್ಟ. ಅಮ್ಮನ ನೆರಳು ಯಾರಿಗೆ ಬೇಕು? ಇಬ್ಬರಿಗೆ. ಅವರಲ್ಲಿ ಒಬ್ಬಳು ತಾನು.

“ಕೇಳಬೇಡ,” ಎಂದ ಲುಫೆಯೊ, ಅವಳ ಮುಖ ನೋಡಿಯೇ. “ಆ ಹೆಸರು ನಿನ್ನ ಬಾಯಲ್ಲೂ ಬರೋದು ಬೇಡ. ನಂಗೆ ಇನ್ನೇನು ಉಳಿದಿದೆ? ರಸ್ತೆ ಪಕ್ಕದಲ್ಲಿ ಮಲಗಿದ್ರೆ ಹೋಗಿ ಬರೋರನ್ನ ಮಾತಾಡಿಸ್ಕೊಂಡಿರ್ತೀನಿ.”

ಅಷ್ಟರಲ್ಲಿ ಕಾಡಿನ ಬಾಯಲ್ಲಿ ಯಾರೋ ಕೆಮ್ಮಿದರು. ಎತ್ತರದ ಆಳು, ಯಜಮಾನಿಕೆಯ ಹಳೇ ಕರಿಕೋಟು. ಲಾಮೆಕ್. ಟೈರಿನ ಚಪ್ಪಲಿ ಬಿಟ್ಟು ಒಳಗೆ ಬಂದ.

“ತಂಗಿ, ಸಭೆ ಸೇರಿದೆ. ಎಲ್ರೂ ಕಾಯ್ತಿದ್ದಾರೆ.” ಅವನು ಮುದುಕನ ಕಡೆ ನೋಡಲಿಲ್ಲ. “ಅಜ್ಜ ಒಪ್ಕೊಂಡ್ನಾ?”

“ಒಪ್ಕೊಂಡೆ, ಒಪ್ಕೊಂಡೆ!” ಎಂದ ಲುಫೆಯೊ.

ಎನೆಲೆಸಿ ಮರದಿಂದ ದೂರ ಬಂದು ಅಣ್ಣನ ಎದುರು ನಿಂತಳು. ಕೇಳಬೇಕಾದ ಮಾತು ಒಂದೇ ಇತ್ತು.

“ಅಣ್ಣ, ನಮ್ಮಮ್ಮ ಎಲ್ಲಿ ಮಲಗಿದ್ದಾಳೆ? ನಿನಗೇನಾದ್ರೂ ಗೊತ್ತಾ?”

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಗೊತ್ತಿರಬಾರದ ಮಾತು ಅದು. ಲಾಮೆಕ್ ತಂಗಿಯ ಕೆಂಪಾದ ಕಣ್ಣನ್ನು ನೋಡಿದ. ಆಮೇಲೆ ಅವಳನ್ನು ದಾಟಿ, ಅತ್ತಿತ್ತ ನೋಡದೆ, ನೆಟ್ಟಗೆ ಮೊಂಬೊ ಮರದ ಹತ್ತಿರ ಹೋಗಿ ತೊಗಟೆಯ ಮೇಲೆ ಅಂಗೈ ಇಟ್ಟ.

“ಕೊಡಲಿ ಎತ್ತಿದ್ದೆ. ಕಾಲಿಗೆ ತಟ್ಟೆ ತಾಗಿತು,” ಎಂದ. “ತೇಪೆ ನೋಡ್ದೆ. ಕೊಡಲಿ ಕೆಳಗಿಟ್ಟೆ ತಂಗಿ. ಇದೊಂದನ್ನ ಬಿಟ್ಬಿಡಿ ಅಂತ ಎಲ್ಲರ ಕಾಲು ಹಿಡಿದೆ.”

“ಎಲ್ಲರು ಅಂದ್ರೆ ಯಾರು?”

“ಲಾಮೆಕ್, ಸಾಕು!” ಲುಫೆಯೊ ಕೂಗಿದ.

“ಸಾಕಾಗಿದೆ ಅಜ್ಜ, ನಂಗೂ ಸಾಕಾಗಿದೆ!” ಲಾಮೆಕ್ ತಿರುಗಿದ. ಯಜಮಾನನ ಗತ್ತು ಎಲ್ಲೋ ಹೋಗಿ, ಹಳೇ ಹುಡುಗನ ಮುಖ ಬಂದಿತ್ತು. “ಗುಡ್ಡದಲ್ಲಿ ಕಡಿಯೋಕೆ ಏನೂ ಉಳಿದಿರಲಿಲ್ಲ. ಕೂತು ಮಾತಾಡಿದ್ವಿ. ಸತ್ತೋರಿಗೆ ನೆರಳು ಯಾಕೆ, ಬದುಕಿರೋ ಮಕ್ಕಳಿಗೆ ಗಂಜಿ ಬೇಡ್ವಾ ಅಂದ್ರು. ನಾನೂ ಹೂಂ ಅಂದೆ. ಪಕ್ಕದೂರೋನು ಅಜ್ಜನ್ನ ಕಂಡು ಠಾಣೆಗೆ ಹೇಳ್ಬಿಟ್ಟ. ಒಂದು ಹೆಸರು ಬೇಕಾಯ್ತು. ಅಜ್ಜ ತಾನಾಗೇ ಬಂದು ‘ನನ್ನ ಹೆಸರೇ ಹೇಳಿ’ ಅಂದ.”

“ಇನ್ನೇನ್ಮಾಡ್ಲಿ?” ಎಂದ ಲುಫೆಯೊ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ. “ಎಲ್ಲರನ್ನೂ ಹೂಳಬೇಕಾದೋನು ನಾನು. ಯಾರದ್ದು ಅಂತ ಹೆಸರು ಹೇಳ್ಲಿ?”

ಕೆಳಗೆ, ಸಭೆಗೆ ಕರೆಯಲು ಗಂಟೆಯ ಹಾಗೆ ತೂಗುಹಾಕಿದ್ದ ಕಬ್ಬಿಣದ ಗಾಲಿಯನ್ನು ಯಾರೋ ಬಡಿಯತೊಡಗಿದರು.

“ಹೋಗು ತಂಗಿ,” ಎಂದ ಲಾಮೆಕ್. “ನನ್ನ ಹೆಸರು ಹೇಳು, ಬೇಡ ಅನ್ನಲ್ಲ. ಆದ್ರೆ ಯಾರ ಮುಂದೆ ಹೇಳ್ತೀಯ? ಅಲ್ಲಿ ನ್ಯಾಯ ಹೇಳೋಕೆ ಕೂತಿರೋರಲ್ಲಿ ಕೊಡಲಿ ಹಿಡಿದು ಇಲ್ಲಿಗೆ ಬರದೆ ಇದ್ದೋನು ಒಬ್ಬನೂ ಇಲ್ಲ. ಇಡೀ ಊರಲ್ಲಿ ಮರ ಮುಟ್ಟದೆ ಇದ್ದ ಗಂಡಸು ಈ ಅಜ್ಜ ಒಬ್ಬನೇ.”

ಎನೆಲೆಸಿ ಅಜ್ಜನ ಕಡೆ ತಿರುಗಿದಳು. ಅವನು ನಿಂತಿದ್ದ ಜಾಗ ಖಾಲಿಯಿತ್ತು.

ಮರವಿಲ್ಲದ ಇಳಿಜಾರಿನಲ್ಲಿ ಮುದುಕ ಕಾಣುತ್ತಿದ್ದ. ಪಂಚೆ ಎತ್ತಿ ಕಟ್ಟಿ, ಆ ವಯಸ್ಸಿನವರು ಓಡಬಾರದಷ್ಟು ಜೋರಾಗಿ ಸಭೆಯ ಕಡೆ ಓಡುತ್ತಿದ್ದ, ಅವಳು ಬಾಯಿ ಬಿಡುವ ಮೊದಲೇ ತಾನೇ ಕಡಿದದ್ದೆಂದು ಹೇಳಿ ಮುಗಿಸಬೇಕೆಂದು.

“ಅಜ್ಜಾ!” ಎಂದು ಕಿರುಚಿ ಅವಳೂ ಬರಿಗಾಲಲ್ಲೇ ಓಡಿದಳು.

ಕೆಳಗೆ ಸಭೆ ಎದ್ದು ನಿಂತು ಮುದುಕನಿಗೆ ದಾರಿ ಬಿಟ್ಟಿತು.